‘ಬಟ್’ಗೆ ಮುಂಚೆ ಕಾಮಾನೋ, ಆಮೇಲೆ ಕಾಮಾನೋ?

ಕೇಳಿದವರು: ಕೆಲಸದಲ್ಲಿ ದಿನಾ ಇಂಗ್ಲಿಷ್ ಮೇಲ್ ಬರೆಯಬೇಕು. ಮಾತಾಡೋಕೆ ಭಯ ಇಲ್ಲ. ಬರೆಯುವಾಗ ಅಂಡ್, ಬಟ್, ಸೋ ಬಂದ ಕಡೆಯೆಲ್ಲ ಕೈ ನಿಂತುಬಿಡುತ್ತದೆ. ನಿನ್ನೆ ‘ದಿ ಸರ್ವರ್ ವಾಸ್ ಡೌನ್ ಬಟ್, ವಿ ಫಿನಿಶ್ಡ್ ದಿ ವರ್ಕ್’ ಅಂತ ಕಳಿಸಿದೆ. ಮೇಲಿನವರು ಕಾಮಾ ಕಿತ್ತು ಬೇರೆ ಕಡೆ ಇಟ್ಟು ವಾಪಸ್ ಕಳಿಸಿದರು. ಯಾಕೆ ಅಂತ ಹೇಳಲಿಲ್ಲ. ನೀವೆಲ್ಲ ಇದನ್ನು ಹೇಗೆ ಕಲಿತಿರಿ?

ಕೆಂಪು ಪೆನ್ನು: ನಾನೂ ವರ್ಷಗಟ್ಟಲೆ ಇದೇ ತಪ್ಪು ಮಾಡಿದವನು. ಕನ್ನಡದಲ್ಲಿ ‘ಆದರೆ’ ಅಂದಮೇಲೆ ಒಂಚೂರು ನಿಲ್ಲುತ್ತೇವೆ, ಅಲ್ಲೇ ಕಾಮಾ ಹಾಕುತ್ತೇವೆ. ಅದೇ ರೂಢಿ ಇಂಗ್ಲಿಷಿಗೂ ಬಂದುಬಿಡುತ್ತದೆ. ಅಲ್ಲಿ ಉಸಿರಿನ ಲೆಕ್ಕ ಹಿಡಿದರೆ ಕೆಟ್ಟಿತು. ವಾಕ್ಯ ಹೇಗೆ ಕಟ್ಟಿದೆ ಅಂತ ನೋಡಬೇಕು.

ನಾನು ಮಾಡುವುದು ಇಷ್ಟು: ಬಟ್ ಮೇಲೆ ಬೆರಳಿಟ್ಟು ಮುಚ್ಚುತ್ತೇನೆ. ಎಡಗಡೆಯದೂ ಬಲಗಡೆಯದೂ ಒಂದೊಂದು ಪೂರ್ತಿ ವಾಕ್ಯವಾಗಿ ನಿಲ್ಲುತ್ತವಾ? ನಿಂತರೆ ಬಟ್‌ಗೆ ಮುಂಚೆ ಕಾಮಾ. ನಿಮ್ಮದರಲ್ಲಿ ‘ದಿ ಸರ್ವರ್ ವಾಸ್ ಡೌನ್’ ನಿಂತಿತು, ‘ವಿ ಫಿನಿಶ್ಡ್ ದಿ ವರ್ಕ್’ ಕೂಡ ನಿಂತಿತು. ಹಾಗಾಗಿ ‘ಡೌನ್, ಬಟ್ ವಿ’ ಅಂತ ಬರಬೇಕು. ಇನ್ನೊಂದು ನೋಡಿ. ‘ಐ ಕಾಲ್ಡ್ ಹಿಮ್, ಬಟ್ ಹಿ ಡಿಡ್ ನಾಟ್ ಆನ್ಸರ್.’ ಇಲ್ಲಿ ಕಾಮಾ ಬೇಕು. ‘ಐ ಕಾಲ್ಡ್ ಹಿಮ್ ಬಟ್ ಗಾಟ್ ನೋ ಆನ್ಸರ್.’ ಇಲ್ಲಿ ಬಲಗಡೆ ಕರ್ತೃವೇ ಇಲ್ಲ, ಕಾಮಾ ಬೇಡ.

ಇಂಥ ಪದ ಒಟ್ಟು ಏಳು: ಫಾರ್, ಅಂಡ್, ನಾರ್, ಬಟ್, ಆರ್, ಯೆಟ್, ಸೋ. ಮೊದಲಕ್ಷರ ಸೇರಿಸಿದರೆ ‘ಫ್ಯಾನ್‌ಬಾಯ್ಸ್’. ಫಾರ್ ಅನ್ನು ‘ಯಾಕಂದ್ರೆ’ ಅನ್ನೋ ಅರ್ಥದಲ್ಲಿ ಈಗ ಮೇಲ್‌ಗಳಲ್ಲಿ ಬರೆಯುವವರು ಕಡಿಮೆ, ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ರಾತ್ರಿಪಾಳಿ: ನಾನು ಕನ್ನಡದಿಂದಲೇ ದಾರಿ ಕಂಡುಕೊಂಡೆ. ‘ಐ ಓಪನ್ಡ್ ದಿ ಫೈಲ್ ಅಂಡ್ ಚೆಕ್ಡ್ ದಿ ಡೇಟ್.’ ಇದನ್ನು ನಾವು ‘ಫೈಲ್ ತೆರೆದು ತಾರೀಖು ನೋಡಿದೆ’ ಅಂತೀವಿ. ಮಾಡಿದವರು ಒಬ್ಬರೇ ಆಗಿದ್ದಾಗ ‘ತೆರೆದು’ ಅಂದರೆ ಸಾಕು, ಇನ್ನೊಂದು ಸಲ ‘ನಾನು’ ಅನ್ನುವುದಿಲ್ಲ. ಇಂಗ್ಲಿಷ್‌ನಲ್ಲೂ ಎರಡನೇ ‘ಐ’ ಬಂದಿಲ್ಲ ಅಂದರೆ ನಾನು ಕಾಮಾ ಮುಟ್ಟುವುದಿಲ್ಲ. ‘ಅಂಡ್ ಐ ಚೆಕ್ಡ್’ ಅಂತ ಬರೆದರೆ ಮಾತ್ರ ಹಾಕುತ್ತೇನೆ.

ಸೋ ಬಂದಾಗಲೂ ಕನ್ನಡದ್ದೇ ಉಪಾಯ. ‘ಅದಕ್ಕೇ’ ಅನ್ನೋ ಅರ್ಥ ಇದ್ದರೆ ಕಾಮಾ: ‘ದಿ ಅಲಾರ್ಮ್ ಫೇಲ್ಡ್, ಸೋ ಐ ವಾಸ್ ಲೇಟ್.’ ‘ಆಗಲಿ ಅಂತ’ ಅನ್ನೋ ಅರ್ಥ ಇದ್ದರೆ ಬೇಡ: ‘ಐ ಸೆಟ್ ಆನ್ ಅಲಾರ್ಮ್ ಸೋ ಐ ವುಡ್ ವೇಕ್ ಅಪ್.’ ಏಳಲಿ ಅಂತ ಇಟ್ಟಿದ್ದು, ಅಲ್ವಾ?

ಬಾಲಂಗೋಚಿ: ಎರಡೂ ಕಡೆ ತೀರಾ ಚಿಕ್ಕದಾಗಿದ್ದರೆ ಕಾಮಾ ಬಿಟ್ಟರೂ ನಡೆಯುತ್ತದೆ. ‘ಹಿ ಸ್ಯಾಂಗ್ ಅಂಡ್ ಶಿ ಡಾನ್ಸ್ಡ್’ಗೆ ಸುಮ್ನೆ ಯಾಕೆ ಗೊಂದಲ.

ಕೆಂಪು ಪೆನ್ನು: ನಡೆಯುತ್ತದೆ, ಆದರೆ ಹುಷಾರು. ‘ಐ ಮೆಟ್ ದಿ ಮ್ಯಾನೇಜರ್ ಅಂಡ್ ದಿ ಕ್ಲರ್ಕ್ ಲೆಫ್ಟ್.’ ಓದುವವರು ಮೊದಲು ಇಬ್ಬರನ್ನೂ ಭೇಟಿ ಮಾಡಿದಿರಿ ಅಂದುಕೊಳ್ಳುತ್ತಾರೆ. ‘ಲೆಫ್ಟ್’ಗೆ ಬಂದಮೇಲೆ ಮುಗ್ಗರಿಸಿ ಮತ್ತೆ ಮೊದಲಿಂದ ಓದುತ್ತಾರೆ. ಮ್ಯಾನೇಜರ್ ಆದಮೇಲೆ ಒಂದು ಕಾಮಾ ಇದ್ದಿದ್ದರೆ ಈ ಪಾಡು ಇರುತ್ತಿರಲಿಲ್ಲ.

ಪಟ್ಟಿಯ ಕೊನೆಯ ಕಾಮಾದ್ದು ಬೇರೆ ಕಥೆ, ಆದರೂ ಹೇಳಿಬಿಡುತ್ತೇನೆ. ಅಮೆರಿಕದ ಮೇನ್ ರಾಜ್ಯದಲ್ಲಿ ಓವರ್‌ಟೈಮ್ ಸಿಗದ ಕೆಲಸಗಳ ಪಟ್ಟಿ ಕಾನೂನಿನಲ್ಲಿತ್ತು. ಅದರ ಕೊನೆಗೆ ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’ ಅಂತಿತ್ತು. ಆರ್‌ಗೆ ಮುಂಚೆ ಕಾಮಾ ಇರಲಿಲ್ಲ. ಹಾಗಾದರೆ ಪಟ್ಟಿಯಲ್ಲಿರುವುದು ಬರೀ ಪ್ಯಾಕ್ ಮಾಡುವ ಕೆಲಸವೋ, ಸರಕು ಹಂಚುವುದೂ ಸೇರಿದೆಯೋ? ಓಕ್‌ಹರ್ಸ್ಟ್ ಡೈರಿಯ ಡ್ರೈವರ್‌ಗಳು ಹಂಚುತ್ತಿದ್ದರು, ಪ್ಯಾಕ್ ಮಾಡುತ್ತಿರಲಿಲ್ಲ. 2017ರಲ್ಲಿ ಮೇಲ್ಮನವಿ ಕೋರ್ಟ್ ಅರ್ಥ ಸ್ಪಷ್ಟವಿಲ್ಲ ಅಂತ ಡ್ರೈವರ್‌ಗಳ ಕಡೆ ನಿಂತಿತು. ಮರುವರ್ಷ 50 ಲಕ್ಷ ಡಾಲರ್‌ಗೆ ರಾಜಿ ಆಯಿತು.

ಹಳೇ ಗುಮಾಸ್ತ: ಹೌಎವರ್ ಈ ಏಳರಲ್ಲಿ ಇಲ್ಲ, ನೆನಪಿಟ್ಟುಕೊಳ್ಳಿ. ಅರ್ಥ ಬಟ್ ಥರವೇ ಇದ್ದರೂ ಎರಡು ವಾಕ್ಯಗಳನ್ನು ಹಿಡಿದಿಡುವ ಶಕ್ತಿ ಅದಕ್ಕಿಲ್ಲ. ಅದಕ್ಕೆ ಮುಂಚೆ ಸೆಮಿಕೋಲನ್ ಇಲ್ಲವೇ ಫುಲ್‌ಸ್ಟಾಪ್, ಆಮೇಲೆ ಕಾಮಾ. ಬರೀ ಕಾಮಾ ಹಾಕಿ ನಾನು ಎಷ್ಟು ಸಲ ಬೈಸಿಕೊಂಡಿದ್ದೀನೋ!

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಬೆರಳಿಟ್ಟು ನೋಡುವುದು ಹಿಡಿಸಿತು. ಒಂದೇ ಒಂದು ಉಳಿಯಿತು. ವಾಕ್ಯವನ್ನೇ ಬಟ್‌ನಿಂದ ಶುರು ಮಾಡಬಾರದು ಅಂತ ಶಾಲೆಯಲ್ಲಿ ಹೇಳಿದ್ದರು, ನಿಜವಾ?

ಕೆಂಪು ಪೆನ್ನು: ಧಾರಾಳವಾಗಿ ಶುರು ಮಾಡಿ. ಬಟ್ ಆದ ತಕ್ಷಣ ಮಾತ್ರ ಆ ಹಳೇ ಕಾಮಾ ಹಾಕಬೇಡಿ.