ಹ್ಯಾಂಡಲ್ ತಿರುಗಿಸಿದರೆ ಹೆಡ್‌ಲೈಟ್ ಮಿಣುಕುತ್ತದೆ, ವೈರಿಂಗ್ ಉಳಿಸಿಕೊಳ್ಳೋದು ಹೇಗೆ?

ಜಾಂಬೋಟಿ ಸವಾರ:
ನಮ್ಮೂರು ಜಾಂಬೋಟಿ ಹತ್ತಿರ, ಕೆಲಸ ಬೆಳಗಾವಿ ಉದ್ಯಮಬಾಗದಲ್ಲಿ. ದಿನಾ ಬೈಕಲ್ಲೇ ಓಡಾಟ. 125 ಸಿಸಿ, ಬಿಎಸ್6 ಗಾಡಿ. ಮಳೆಗಾಲದಲ್ಲಿ ನಮ್ಮ ಕಡೆ ಹೇಗಿರುತ್ತದೆ ಅಂತ ಗೊತ್ತಲ್ವಾ, ಕೆಂಪು ರಾಡಿ ಸೀಟಿನ ಕೆಳಗೂ ಹೋಗಿ ಕೂತಿರುತ್ತದೆ.

ಈಗ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಹೆಡ್‌ಲೈಟ್ ಮಿಣುಕುತ್ತದೆ. ಹಾರ್ನ್ ದನಿ ಸಣ್ಣಗಾಗಿದೆ. ಫ್ಯೂಸ್ ಆಗಾಗ ಸುಡುತ್ತಿತ್ತು. ಒಂದು ಅಂಗಡಿಯಲ್ಲಿ 10 ಆಂಪ್ ತೆಗೆದು 20 ಆಂಪ್ ಫ್ಯೂಸ್ ಹಾಕಿ, "ಇನ್ನು ಸುಡಲ್ಲ" ಅಂದರು. ಇದು ಸರೀನಾ? ಹೊಸ ವೈರಿಂಗ್ ಹಾಕಿಸಲೇಬೇಕಾ, ಇಲ್ಲಾ ಇರೋದಕ್ಕೇ ಪೂರ್ತಿ ಟೇಪ್ ಸುತ್ತಿಸಿದರೆ ಸಾಕಾ?

ಟೆಸ್ಟ್ ಲ್ಯಾಂಪ್, ಬೆಳಗಾವಿ:
ಮೊದಲು ಆ 20 ಆಂಪ್ ಫ್ಯೂಸ್ ತೆಗೆದುಬಿಡಿ. ಇವತ್ತೇ. ಫ್ಯೂಸ್ ಇರೋದು ವೈರ್ ಕಾಯೋದಕ್ಕೆ. ಶಾರ್ಟ್ ಆದಾಗ ಅದು ಸುಡದಿದ್ದರೆ ಟ್ಯಾಂಕ್ ಕೆಳಗಿನ ವೈರ್ ಸುಡುತ್ತದೆ. ಪೆಟ್ರೋಲ್ ಇರೋ ಜಾಗ ರೀ ಅದು.

ಹೊಸ ವೈರಿಂಗ್ ಸದ್ಯ ಬೇಡ. ನೀವು ಹೇಳಿದ್ದು ನೋಡಿದರೆ ತೊಂದರೆ ಹ್ಯಾಂಡಲ್ ಬುಡದಲ್ಲೇ ಇದೆ. ಪ್ರತಿ ತಿರುವಿನಲ್ಲೂ ಅಲ್ಲಿ ವೈರ್ ಬಾಗುತ್ತದೆ. ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ, ಮೇಲಿನ ಪ್ಲಾಸ್ಟಿಕ್ ಮಾತ್ರ ಹಾಗೇ ಇರುತ್ತದೆ. ಫ್ಯೂಸ್ ಸುಡುತ್ತಿತ್ತು ಅಂದರೆ ಎಲ್ಲೋ ಒಂದು ವೈರ್ ಸವೆದು ಚಾಸಿಗೂ (ಗಾಡಿಯ ಕಬ್ಬಿಣದ ಚೌಕಟ್ಟಿಗೂ) ತಾಗುತ್ತಿರಬೇಕು. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆ ಜಾಗದ ಟೇಪ್ ತೆಗೆದು, ಒಂದೊಂದೇ ವೈರನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಗಟ್ಟಿ ಇರೋ ವೈರ್ ಜಗ್ಗೋದಿಲ್ಲ. ಒಳಗೆ ತುಂಡಾಗಿರೋದು ರಬ್ಬರ್ ಥರ ಉದ್ದವಾಗುತ್ತದೆ.

ಸಿಕ್ಕಿದ ಕಡೆ ಕತ್ತರಿಸಿ ಸಿಪ್ಪೆ ಬಿಡಿಸಿ ನೋಡಿ. ತಾಮ್ರ ಕಪ್ಪಗೋ ಹಸಿರಾಗೋ ಇದ್ದರೆ ನೀರು ಎಳೆಗಳ ನಡುವೆ ಒಳಗೇ ಹರಿದಿದೆ ಅಂತ ಅರ್ಥ. ಹೊಳೆಯೋ ತಾಮ್ರ ಸಿಗೋ ತನಕ ಹಿಂದಕ್ಕೆ ಕತ್ತರಿಸಬೇಕು. ಕಪ್ಪು ತಾಮ್ರಕ್ಕೆ ಜಾಯಿಂಟ್ ಹಾಕಿದರೆ ಮುಂದಿನ ಮಳೆಗೆ ಮತ್ತೆ ಅದೇ ಕಥೆ. ಕಡಿಮೆಯಾದ ಉದ್ದಕ್ಕೆ ಅದೇ ದಪ್ಪದ ವೈರ್ ಸೇರಿಸಿ, ಕ್ರಿಂಪ್ ಮಾಡಿ (ಲೋಹದ ಕೊಳವೆಯಲ್ಲಿಟ್ಟು ಇಕ್ಕಳದಲ್ಲಿ ಅದುಮಿ), ಒಳಗೆ ಅಂಟು ಇರೋ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯೋ ಪೈಪ್) ಹಾಕಿ. ಬಾಗೋ ಜಾಗದಲ್ಲಿ ಸೋಲ್ಡರ್ (ಲೋಹ ಕರಗಿಸಿ ಹಾಕೋ ಬೆಸುಗೆ) ಬೇಡ. ಸೋಲ್ಡರ್ ಹಿಡಿದ ಭಾಗ ಕಡ್ಡಿಯಾಗುತ್ತದೆ, ಅದು ಮುಗಿಯೋ ಕಡೆ ಮತ್ತೆ ತುಂಡಾಗುತ್ತದೆ.

ಪೂರ್ತಿ ಟೇಪ್ ಸುತ್ತಿಸೋದು ಮಾತ್ರ ಬೇಡವೇ ಬೇಡ. ನಾನು ಬಿಚ್ಚೋ ಗಾಡಿಗಳಲ್ಲಿ ಜಾಸ್ತಿ ಕೊಳೆತಿರೋದು ಹೀಗೆ ಬಿಗಿಯಾಗಿ ಕಪ್ಪು ಟೇಪ್ ಸುತ್ತಿದವೇ. ತುದಿಯಿಂದ ಒಳಗೆ ಹೋದ ನೀರಿಗೆ ಹೊರಗೆ ಬರೋ ದಾರಿ ಇರೋದಿಲ್ಲ. ಬಟ್ಟೆಯ ಹಾರ್ನೆಸ್ ಟೇಪ್ ಸಿಗುತ್ತದೆ, ಅದನ್ನು ಬಿಟ್ಟುಬಿಟ್ಟು ಸುತ್ತಿ. ಉಜ್ಜೋ ಕಡೆ ಉದ್ದಕ್ಕೂ ಸೀಳಿರೋ ಸುರುಳಿ ಪ್ಲಾಸ್ಟಿಕ್ ಪೈಪ್ ಹಾಕಿ, ನೀರು ಇಳಿದುಹೋಗೋ ಹಾಗೆ ಸೀಳು ಕೆಳಗೆ ಬರಲಿ.

ಹಾರ್ನ್ ವಿಷಯ. ಎಂಜಿನ್ ಆಫ್ ಇಟ್ಟು, ಕೀ ಆನ್ ಮಾಡಿ, ಹಾರ್ನ್ ಒತ್ತಿ ಹಿಡಿದು ಬ್ಯಾಟರಿಯಲ್ಲೂ ಹಾರ್ನಿನ ಎರಡು ಪಿನ್‌ಗಳ ನಡುವೆಯೂ ಮಲ್ಟಿಮೀಟರಿನಲ್ಲಿ ವೋಲ್ಟ್ ನೋಡಿ. 1 ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಬಂದರೆ ದಾರಿಯಲ್ಲಿ ಎಲ್ಲೋ ತುಕ್ಕೋ ಸಡಿಲ ಜಾಯಿಂಟೋ ತುಂಡಾದ ಎಳೆಯೋ ಇದೆ. ಚಾಸಿಗೆ ಬೋಲ್ಟ್ ಮಾಡಿರೋ ಅರ್ತ್ ವೈರನ್ನೂ ಬಿಚ್ಚಿ, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಬಿಗಿದ ಮೇಲೆ ವ್ಯಾಸಲೀನ್ ಹಚ್ಚಿ.

ಗುಮ್ಮಟದ ಊರಿನವ:
ನಮ್ಮ ವಿಜಯಪುರದಲ್ಲಿ ಮಳೆ ಕಡಿಮೆ, ಬಿಸಿಲಿನ ಕಾಟ ಜಾಸ್ತಿ. ಬಿಸಿಲಲ್ಲೇ ನಿಂತ ಗಾಡಿಯ ವೈರ್ ಗಟ್ಟಿಯಾಗಿ, ಬಾಗಿಸಿದರೆ ಬಿರುಕು ಬಿಡುತ್ತದೆ. ಟೇಪಿನ ಅಂಟು ಕರಗಿ ಕೈಗೆಲ್ಲ ಹತ್ತುತ್ತದೆ. ಇದರ ಮೇಲೆ ಇಲಿ ಬೇರೆ. ಕೊಟ್ಟಿಗೆಯಲ್ಲಿ ನಿಲ್ಲಿಸೋರು ಸೀಟ್ ಕೆಳಗೆ ಚಿಂದಿ ಬಟ್ಟೆ ಇಡಬೇಡಿ, ಅಲ್ಲೇ ಗೂಡು ಕಟ್ಟುತ್ತವೆ. ಜೋಳದ ಚೀಲದ ಪಕ್ಕ ಗಾಡಿ ನಿಲ್ಲಿಸಿ ಇಲಿಗೆ ಬೈದರೆ ಏನು ಉಪಯೋಗ? ಒಮ್ಮೆ ಕಡಿದ ಜಾಗಕ್ಕೆ ತೆಳು ಸ್ಟೀಲ್ ಜಾಲರಿ ಸುತ್ತಿ, ಆದರೆ ಮೊದಲು ಪೈಪ್ ಹಾಕಿ ಅದರ ಮೇಲೆ. ಜಾಲರಿ ನೇರ ವೈರಿಗೆ ತಾಗಿದರೆ ಅದೇ ಉಜ್ಜಿ ಶಾರ್ಟ್ ಮಾಡುತ್ತದೆ.

ಜಾಂಬೋಟಿ ಸವಾರ:
ತುಂಬಾ ಥ್ಯಾಂಕ್ಸ್. 10 ಆಂಪ್ ವಾಪಸ್ ಹಾಕಿದೆ. ಎಳೆದು ನೋಡಿದಾಗ ಒಂದು ವೈರ್ ನಿಜವಾಗಲೂ ಉದ್ದವಾಯಿತು! ಕನೆಕ್ಟರ್‌ಗಳಿಗೆ ಗ್ರೀಸ್ ಹಚ್ಚಬಹುದಾ? ವಾಟರ್ ಸರ್ವಿಸ್ ಮಾಡಿಸಿದರೆ ತೊಂದರೆ ಇದೆಯಾ?

ಟೆಸ್ಟ್ ಲ್ಯಾಂಪ್, ಬೆಳಗಾವಿ:
ಬೇರಿಂಗ್ ಗ್ರೀಸ್ ಬೇಡ, ಡೈಎಲೆಕ್ಟ್ರಿಕ್ ಸಿಲಿಕೋನ್ ಗ್ರೀಸ್ ತನ್ನಿ. ಅದರಲ್ಲಿ ಕರೆಂಟ್ ಹರಿಯೋದಿಲ್ಲ, ಆದರೂ ಭಯ ಬೇಡ. ಪಿನ್ ಬಿಗಿ ಇದ್ದರೆ ಗ್ರೀಸ್ ಪಕ್ಕಕ್ಕೆ ಸರಿದು ಲೋಹಕ್ಕೆ ಲೋಹ ತಾಗುತ್ತದೆ, ಸುತ್ತಲೂ ನೀರಿಗೆ ಜಾಗ ಇರೋದಿಲ್ಲ. ಮೊದಲು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಆಮೇಲೆ ತೆಳುವಾಗಿ ಹಚ್ಚಿ. ಸೈಲೆನ್ಸರ್ ಕಡೆಯ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿನ ಆಮ್ಲಜನಕ ಅಳೆಯೋದು) ಕನೆಕ್ಟರ್‌ಗೆ ಮಾತ್ರ ಹಚ್ಚಬೇಡಿ. ಕೆಲವು ಸೆನ್ಸರ್‌ಗಳು ವೈರಿನ ಒಳಗಿಂದಲೇ ಗಾಳಿ ಎಳೆಯುತ್ತವೆ, ಸಿಲಿಕೋನ್ ಅವನ್ನು ಕೆಡಿಸುತ್ತದೆ.

ವಾಟರ್ ಸರ್ವಿಸ್‌ನಲ್ಲಿ ಪ್ರೆಶರ್ ಗನ್ ಹೆಡ್‌ಲೈಟ್ ಹಿಂದೆ, ಸ್ವಿಚ್‌ಗಳ ಹತ್ತಿರ, ಸೀಟ್ ಕೆಳಗೆ ಹಿಡಿಯೋದು ಬೇಡ ಅಂತ ನಿಂತು ಹೇಳಿ. ಮಳೆಗೆ ಬಗ್ಗದ ರಬ್ಬರ್ ಸೀಲ್ ಆ ಪ್ರೆಶರ್‌ಗೆ ಬಗ್ಗುತ್ತದೆ.

ಕೆಲಸ ಮುಗಿದ ಮೇಲೆ ನೆಗೆಟಿವ್ ಕೊನೆಗೆ ಹಾಕಿ. ವೈರಿಗೆ ಕೇಬಲ್ ಟೈ ಕಟ್ಟೋ ಮೊದಲೇ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ವೈರ್ ಎಲ್ಲೂ ಬಿಗಿಯಬಾರದು. ಆಮೇಲೆ ಎಂಜಿನ್ ಐಡಲ್‌ನಲ್ಲಿಟ್ಟು ಇನ್ನೊಮ್ಮೆ ತಿರುಗಿಸಿ. ಆಗಲೂ ಲೈಟ್ ಮಿಣುಕಿದರೆ ಇನ್ನೊಂದು ವೈರ್ ಬಾಕಿ ಇದೆ ಅಂತಲೇ. ಹಾರ್ನಿನ ವೋಲ್ಟ್ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ.