ಪಿಯುಸಿ ಮಾರ್ಕ್ಸ್ ನೋಡಿ ಡಿಗ್ರಿ ಫಸ್ಟ್ ಇಯರ್ ಹೆಂಗಾಗ್ತದ ಅಂತ ಹೇಳಬಹುದೇನ್ರಿ?

ಆಳಂದದವ:
ನನ್ನ ತಂಗಿ ಆಳಂದದಾಗ ಕನ್ನಡ ಮೀಡಿಯಂ ಕಾಮರ್ಸ್ ಓದಿ ಪಿಯುಸಿದಾಗ 84% ತಗೊಂಡಾಳ, ಈಗ ಕಲಬುರ್ಗಿದಾಗ ಬಿಕಾಂ ಫಸ್ಟ್ ಸೆಮ್, ದಿನಾ ಬಸ್ಸಿಗೆ ಹೋಗಿ ಬರ್ತಾಳ, ಅಲ್ಲಿ ಎಲ್ಲಾ ಇಂಗ್ಲಿಷ್‌ನ್ಯಾಗೇ ಹೇಳ್ತಾರ. ಮೊದಲ್ನೇ ಇಂಟರ್ನಲ್‌ದಾಗ ಎರಡು ಸಬ್ಜೆಕ್ಟ್ ಭಾಳ ಕಮ್ಮಿ ಬಂದಾವ. ಅಪ್ಪ ಅಂತಾರ, ಪಿಯುಸಿ ಛಲೋ ಮಾಡ್ಯಾಳ, ತಾನೇ ಸರಿ ಹೋಗ್ತದ ಅಂತ. ನನಗ ಹಂಗ ಅನ್ಸವಲ್ದು. ಫಸ್ಟ್ ಇಯರ್ ರಿಸಲ್ಟ್ ಖರೆ ಯಾತರ ಮ್ಯಾಲ ನಿಂತಿರ್ತದ್ರಿ?

ಫಸ್ಟ್ ಸೆಮ್ ಲೆಕ್ಚರರ್:
ತಮ್ಮ, ಮೊದಲ ಹಾಜರಿ ನೋಡು. 2010ರಾಗ ಅಮೆರಿಕದಾಗ ಕ್ರೆಡೆ ಅನ್ನೋರು ಇನ್ನಿಬ್ಬರ ಜೋಡಿ ಹಳೇ ಅಧ್ಯಯನ ಎಲ್ಲಾ ಒಟ್ಟು ಹಾಕಿ ನೋಡಿದ್ರು, ಕಾಲೇಜ್ ಮಾರ್ಕ್ಸ್ ಅಂದಾಜು ಮಾಡ್ಲಿಕ್ಕ ಎಂಟ್ರನ್ಸ್ ಸ್ಕೋರ್, ಹೈಸ್ಕೂಲ್ ಮಾರ್ಕ್ಸ್ ಎರಡಕ್ಕಿಂತ ಕ್ಲಾಸಿಗೆ ಬರೋದೇ ಹೆಚ್ಚು ಉಪಯೋಗ ಅಂತ ಬಂತು. ನಮ್ಮ ಕಡಿ ಮಂದಿ 75% ಆದ್ರ ಸಾಕು ಅಂತ ಲೆಕ್ಕ ಹಾಕ್ತಾರ, ಆದ್ರ ತಪ್ಪಿದ ಕ್ಲಾಸ್ ಯಾವು ಅಂತ ಯಾರೂ ಕೇಳಲ್ಲ. ಊರಿಂದ ಬರೋ ಹುಡುಗೀರಿಗಿ ಶಕ್ತಿ ಯೋಜನೆದಾಗ ಟಿಕೆಟ್ ಖರ್ಚು ಉಳೀತು, ಭಾಳ ಛಲೋ ಆಯ್ತು, ಆದ್ರ ಬಸ್ ಲೇಟಾದ್ರ ದಿನಾ ಫಸ್ಟ್ ಪೀರಿಯಡ್ಡೇ ಹೋಗ್ತದ, ಅಂದ್ರ ಪೆಟ್ಟು ಆ ಪೀರಿಯಡ್ ಇರೋ ಸಬ್ಜೆಕ್ಟಿಗೇ ಬೀಳ್ತದ.

ಶಹಾಪುರ ಹುಡುಗಿ:
ಸರ್ ಹೇಳಿದ್ದು ಖರೆ, ಆದ್ರ ಕ್ಲಾಸಿನ್ಯಾಗ ಕುಂತ್ರೂ ತಿಳೀಲಿಲ್ಲಂದ್ರ ಏನ್ ಮಾಡ್ಬೇಕ್ರಿ? ಅಣ್ಣಾರ, ಯಾವ ಎರಡು ಸಬ್ಜೆಕ್ಟ್ ಅಂತ ಕೇಳ್ರಿ. ಅಕೌಂಟ್ಸ್ ಆದ್ರ ಪ್ರಾಕ್ಟೀಸ್ ಕಮ್ಮಿ ಆಗ್ಯಾದ ಅಂತ ಅರ್ಥ, ಥಿಯರಿ ಆದ್ರ ಇಂಗ್ಲಿಷಿಂದು. ನಾನೂ ಕನ್ನಡ ಮೀಡಿಯಂದಾಕಿ, ವಿಷಯ ಗೊತ್ತಿದ್ರೂ ಪೇಪರಿನ್ಯಾಗ ಏನ್ ಕೇಳ್ಯಾರಂತ ತಿಳೀತಿರಲಿಲ್ಲ. ಪಿಯು ಪುಸ್ತಕದಾಗ ಅದೇ ಪಾಠ ಕನ್ನಡದಾಗ ಓದ್ಕೊಂಡು ಕ್ಲಾಸಿಗೆ ಹೋಗ್ತಿದ್ದೆ, ರಾತ್ರಿ ನೋಟ್ಸ್ ಮುಚ್ಚಿಟ್ಟು ಇಂಗ್ಲಿಷ್‌ನ್ಯಾಗ ನಾಕ್ ಸಾಲು ಬರೀತಿದ್ದೆ. ಬರೇ ಓದಿದ್ರ ಬಂದಂಗ ಅನ್ಸತದ, ಬರಿಯಾಕ ಕುಂತಾಗೇ ಬರಂಗಿಲ್ಲ ಅಂತ ಗೊತ್ತಾಗೋದು.

ಬೀದರ ರಿಸರ್ಚ್:
ಅಪ್ಪಾರ ಮಾತು ಪೂರಾ ತಪ್ಪಲ್ಲ. 2012ರಾಗ ರಿಚರ್ಡ್‌ಸನ್ ಮತ್ತಿಬ್ಬರು 241 ಡೇಟಾ ಸೆಟ್ ಕೂಡಿಸಿ ನೋಡಿದಾಗ ಹಿಂದಿನ ಮಾರ್ಕ್ಸಿಗೂ ಕಾಲೇಜ್ ಮಾರ್ಕ್ಸಿಗೂ 0.40 ಸಂಬಂಧ ಬಂತು (0 ಅಂದ್ರ ಸಂಬಂಧನೇ ಇಲ್ಲ, 1 ಅಂದ್ರ ಪೂರಾ ಸಂಬಂಧ), ಅದು ಕಮ್ಮಿ ಅಲ್ಲ. ಆದ್ರ ಎಲ್ಲಕ್ಕಿಂತ ಮ್ಯಾಲ, ಸುಮಾರು 0.59 ಬಂದಿದ್ದು "ಇಷ್ಟು ಮಾರ್ಕ್ಸ್ ತೆಗೀತೀನಿ" ಅನ್ನೋ ಹುಡುಗರ ಸ್ವಂತ ನಂಬಿಕಿಗಿ. ಆ ನಂಬಿಕಿ ಹಿಂದಿನ ಟೆಸ್ಟ್ ನೋಡೇ ಹುಟ್ಟಿರ್ತದ, ಹಂಗಾಗಿ ಧೈರ್ಯ ತಗೋ ಅಂತ ಬಾಯಿಮಾತು ಹೇಳಿದ್ರ ಸಾಲಂಗಿಲ್ಲ. ಎರಡನೇ ಇಂಟರ್ನಲ್‌ಗಿ ಒಂದೇ ಸಬ್ಜೆಕ್ಟ್ ಹಿಡಿದು ಗಟ್ಟಿ ಮಾಡ್ಸ್ರಿ, ಅದ್ರಾಗ ಮಾರ್ಕ್ಸ್ ಏರಿದ್ರ ಉಳಿದಿದ್ದಕ್ಕೂ ತಾನೇ ಕೂಡ್ತಾಳ.

ಆಳಂದದವ:
ಕೇಳಿದ್ನಿ, ಎರಡೂ ಥಿಯರಿ, ಒಂದು ದಿನಾ ಫಸ್ಟ್ ಪೀರಿಯಡ್ಡೇ ಅಂತ್ರಿ. ಬಿಸಿಎಂ ಹಾಸ್ಟೆಲ್‌ಗಿ ಸೆಮ್ ನಡುವ ಅರ್ಜಿ ತಗೋತಾರೇನ್ರಿ, ಯಾರಿಗರ ಗೊತ್ತದೇನು?