'ವಿದಿನ್ ಅವರ್ ಗೇಟ್ಸ್': ಟೈಟಲ್ ಕಾರ್ಡ್‌ಗಳು ಮಿಶೋ ಬರೆದವೇನಾ?

ರಾತ್ರಿಶೋ: ನಿನ್ನೆ ಆಸ್ಕರ್ ಮಿಶೋ ಅವರ 1920ರ ಮೂಕಿ ಚಿತ್ರ ನೋಡಿದೆ. ಆಫ್ರಿಕನ್ ಅಮೆರಿಕನ್ ನಿರ್ದೇಶಕರ ಪೂರ್ಣ ಚಿತ್ರಗಳಲ್ಲಿ ಉಳಿದಿರುವ ತೀರ ಹಳೆಯದು ಇದೇ ಅಂತೆ. ಮಧ್ಯೆ ಒಂದು ಕಡೆ ಕಥೆ ಎಗರುತ್ತದೆ, ದೃಶ್ಯಗಳ ನಡುವೆ ಮಾತು ಬರೆದು ತೋರಿಸುವ ಟೈಟಲ್ ಕಾರ್ಡ್‌ಗಳೂ ಹೊಸದಾಗಿ ಬರೆದಂತಿವೆ. ಅಮೆರಿಕದ್ದೇ ಸಿನಿಮಾ ಅಲ್ವಾ, ಮೂಲ ಪ್ರತಿ ಅವರ ಹತ್ತಿರವೇ ಇರಲಿಲ್ವಾ?

ರೀಲು ಮಾಮ: ಇರಲಿಲ್ಲಪ್ಪ. ಉಳಿದಿದ್ದ ಒಂದೇ ಪ್ರತಿ ಸ್ಪೇನಿನ ಫಿಲ್ಮ್ ಆರ್ಕೈವ್‌ನಲ್ಲಿತ್ತು, 'ಲಾ ನೆಗ್ರಾ' ಅನ್ನೋ ಹೆಸರಲ್ಲಿ. ಇಂಗ್ಲಿಷ್ ಕಾರ್ಡ್‌ಗಳು ನಾಲ್ಕೇ ಉಳಿದಿದ್ದವು, ಮಿಕ್ಕಿದ್ದೆಲ್ಲ ಸ್ಪ್ಯಾನಿಷ್. ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನವರು 1993ರಲ್ಲಿ ಸರಿಪಡಿಸುವಾಗ ಅವನ್ನು ವಾಪಸ್ ಇಂಗ್ಲಿಷಿಗೆ ತಂದರು. ಮಿಶೋ ಕಾದಂಬರಿಯನ್ನೂ ಬರೆಯುತ್ತಿದ್ದರು, ಆ ಧಾಟಿ ಹಿಡಿದು ಲೈಬ್ರರಿಯವರು ಬರೆದರು. ಹಾಗಾಗಿ ನೀವು ಓದಿದ್ದು ಅರ್ಧ ಅವರದು, ಅರ್ಧ ಊಹೆ. ಅವರ ಇನ್ನೊಂದು ಚಿತ್ರ ಸಿಕ್ಕಿದ್ದು ಬೆಲ್ಜಿಯಂನಲ್ಲಿ. ಮೂಕಿಗಳಲ್ಲಿ ಉಳಿದಿರುವುದು ಮೂರೇ.

ನಾನು ಟಾಕೀಸಲ್ಲಿ ಇಪ್ಪತ್ತು ವರ್ಷ ರೀಲು ಓಡಿಸಿದವನು. ಡಬ್ಬದ ಮೇಲಿನ ಚೀಟಿ ನಂಬಲೇಬಾರದು. ಒಮ್ಮೆ ಚೀಟಿ ನೋಡಿ ಹಾಕಿದೆ. ಹಿಂದಿನ ರೀಲಿನಲ್ಲಿ ಸತ್ತ ಅಪ್ಪ ಎದ್ದು ಬಂದು ಊಟಕ್ಕೆ ಕೂತಿದ್ದ. ಟಾಕೀಸೆಲ್ಲ ಶಿಳ್ಳೆ!

ಡಲ್ಲಾಸ್ ಗೌಡ್ತಿ: 😀 ನಮ್ಮ ಕಡೆಯೂ ಇಂಥದ್ದೇ ಕಥೆ ಇದೆ ಮಾಮ. 1983ರಲ್ಲಿ ಟೆಕ್ಸಸ್‌ನ ಟೈಲರ್ ಊರಿನ ಗೋದಾಮಿನಲ್ಲಿ ಹಳೇ ಡಬ್ಬಗಳು ಸಿಕ್ಕವು. ಇಲ್ಲಿನ ಸದರ್ನ್ ಮೆಥಡಿಸ್ಟ್ ಯೂನಿವರ್ಸಿಟಿಯ ಜಿ. ವಿಲಿಯಂ ಜೋನ್ಸ್ ಹೋಗಿ ತಂದರು. ಕಪ್ಪು ಜನರಿಗೆ ಬೇರೆ ಥಿಯೇಟರು, ಬೇರೆ ಸೀಟು ಇದ್ದ ಕಾಲದಲ್ಲಿ ಅವರಿಗಾಗಿಯೇ ತೆಗೆದ ಚಿತ್ರಗಳು ಅದರಲ್ಲಿದ್ದವು. ಕಪ್ಪು ನಿರ್ದೇಶಕ ಸ್ಪೆನ್ಸರ್ ವಿಲಿಯಮ್ಸ್ ಅವರದ್ದೂ ಇತ್ತು.

ರಾತ್ರಿಶೋ: ಗೋದಾಮಿನಲ್ಲಿ ಬಿಸಾಕಿದ್ದರಾ? ಅಷ್ಟು ಕಡಿಮೆ ಉಳಿಯೋಕೆ ಅದೊಂದೇ ಕಾರಣನಾ?

ರೀಲು ಮಾಮ: ಮಾಡಿಸಿದ ಪ್ರತಿಗಳೇ ಕಡಿಮೆ. ಅವು ಊರೂರು ಸುತ್ತಿ ಸವೆದವು. ಮೇಲೆ ಸೆನ್ಸಾರ್ ಕತ್ತರಿ. ಆಗಿನ ನೈಟ್ರೇಟ್ ಫಿಲ್ಮ್ ಬೇರೆ, ಬೆಂಕಿ ಹತ್ತಿದರೆ ನೀರು ಹಾಕಿದರೂ ಆರಲ್ಲ. ಸುಡದಿದ್ದರೆ ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ.

ಆದರೂ ಸಿಗುತ್ತವೆ. 1898ರದೊಂದು ಮುತ್ತಿನ ಚಿತ್ರ ಇದೆ, 'ಸಮ್‌ಥಿಂಗ್ ಗುಡ್'. ಹೆಸರೂ ತಿಳಿಯದ ಸುರುಳಿ ಅದು. ಆಲಿಸನ್ ನಾಡಿಯಾ ಫೀಲ್ಡ್ ಎಂಬ ಸಂಶೋಧಕಿ ಗುರುತು ಹಿಡಿದರು. ಅರ್ಧ ನಿಮಿಷವೂ ಇಲ್ಲ, ಸುಮ್ನೆ ನೋಡಿ. ಕಪ್ಪು ಕಲಾವಿದರಾದ ಸೇಂಟ್ ಸಟಲ್, ಗರ್ಟಿ ಬ್ರೌನ್ ಇಬ್ಬರೂ ಮುತ್ತಿಡುತ್ತಾರೆ, ನಗುತ್ತಾರೆ, ಕೈ ಹಿಡಿದು ತೂಗುತ್ತಾರೆ, ಮತ್ತೆ ಮುತ್ತಿಡುತ್ತಾರೆ.

ರಾತ್ರಿಶೋ: ನೋಡಿದೆ ಮಾಮ. ನಾಲ್ಕು ಸಲ.